ಆ ಗೋಡೆ ಬುಡದಲ್ಲಿ ಬಟ್ಟೆ ಒಣಗಲ್ಲ

ನಮ್ಮ ಮಾವನಿಗೆ ಓರೆ ಅಂದರೆ ಆಗಿಬರುವುದಿಲ್ಲ. ಊಟದ ಮೇಜು ಒಂದು ಎಳೆ ವಾಲಿದ್ದರೂ ಕಾಲಿನಡಿ ರಟ್ಟು ಮಡಚಿ ಇಟ್ಟ ಮೇಲೆಯೇ ಮೊದಲ ತುತ್ತು. ಮೇಸ್ತ್ರಿಯಾಗಿ ಆಯುಷ್ಯವೆಲ್ಲ ಗೋಡೆ ಕಟ್ಟಿದವರು. ಈ ಊರಿನಲ್ಲಿ ಅವರ ಕೈಯ ಗೋಡೆ ಒಂದೂ ವಾಲಿಲ್ಲ ಎಂಬುದು ನಿಜ. ಅದನ್ನು ದಿನಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಹಾಕುತ್ತಾರೆ ಎಂಬುದೂ ನಿಜ.

ಅವರ ಒಬ್ಬನೇ ಮಗ, ಅಂದರೆ ನಮ್ಮ ಮನೆಯವರು, ಕಲ್ಲು ಕೊಯ್ಯುತ್ತಿದ್ದರು. ಅಪ್ಪ ಗೋಡೆ ಎಬ್ಬಿಸುವುದು, ಮಗ ಅದೇ ಮನೆಯ ನೆಲಕ್ಕೆ ಕಲ್ಲು ಕೊಯ್ದು ಹಾಸುವುದು. ಕೊಯ್ಯುವಾಗ ಕಲ್ಲಿನ ಮೇಲೆ ನೀರು ಬಿಡುತ್ತಾ ಇದ್ದರೆ ಧೂಳು ಏಳುವುದಿಲ್ಲ. ಆದರೆ ಕೆಲಸ ನಿಧಾನ, ಎಳೆದ ಗೆರೆ ಅಳಿಸಿಹೋಗುತ್ತದೆ, ಕಾಲಡಿ ಕೆಸರು. "ನೀರು ಹಾಕ್ಕೊಂಡು ಕೂತ್ರೆ ಕೆಲಸ ಯಾವಾಗ ಮುಗಿಯೋದು?" ಎನ್ನುತ್ತಿದ್ದರು ಮಾವ. ಅಪ್ಪನ ಮಾತು ಮೀರದ ಮಗ ಒಣಕಲ್ಲನ್ನೇ ಕೊಯ್ದರು. ಸಂಜೆ ಮನೆಗೆ ಬಂದರೆ ರೆಪ್ಪೆಯೂ ಬೆಳ್ಳಗಿರುತ್ತಿತ್ತು. ನಾನೂ ನಗುತ್ತಾ ಟವೆಲ್ಲಿನಿಂದ ತಲೆ ಕೊಡವುತ್ತಿದ್ದೆ. ಆ ಧೂಳು ವರ್ಷಗಟ್ಟಲೆ ಎದೆಯೊಳಗೆ ಹೋಗಿ ಗಟ್ಟಿಯಾಗಿ ಕೂತಿತು. ಈಗ ಅವರು ನಡುಮನೆಯ ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿರುತ್ತಾರೆ. ಮೂಗಿಗೆ ನಳಿಕೆ, ನಳಿಕೆಯ ಆ ತುದಿಗೆ ಗುಂಯ್‌ಗುಡುವ ಆಕ್ಸಿಜನ್ ಮಷೀನು. ಕೆಟ್ಟ ಎದೆ ಮತ್ತೆ ರಿಪೇರಿಯಾಗುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ.

ಮಷೀನು ನಿಂತರೆ ಉಸಿರು ನಿಂತ ಹಾಗೆಯೇ. ನಮ್ಮದೋ ಕರೆಂಟಿನ ಲೈನಿನ ಕಟ್ಟಕಡೆಯ ಮನೆ. ದೂರದ ಉತ್ತರದ ಚಳಿಯೂರು ಬೇರೆ, ಚಳಿಗಾಲ ಬಂತೆಂದರೆ ಬೀದಿಯವರೆಲ್ಲ ಸಂಜೆಗೆ ಹೀಟರು ಹಚ್ಚುತ್ತಾರೆ. ನಮ್ಮ ಮನೆ ತಲುಪುವಷ್ಟರಲ್ಲಿ ಕರೆಂಟಿನಲ್ಲಿ ಜೀವವೇ ಇರುವುದಿಲ್ಲ. ಬಲ್ಬಿನ ತಂತಿ ಕೆಂಪಗೆ ಕಾಣುತ್ತದೆ, ಬೆಳಕು ಬರುವುದಿಲ್ಲ. ಅಂಥ ಕರೆಂಟನ್ನು ಮಷೀನೂ ಒಲ್ಲೆ ಅನ್ನುತ್ತದೆ, ಬ್ಯಾಟರಿಯೂ ಒಲ್ಲೆ ಅನ್ನುತ್ತದೆ. ಹಗಲಲ್ಲಂತೂ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೋದ ಚಳಿಗಾಲವನ್ನು ಬಾಡಿಗೆ ಸಿಲಿಂಡರು ಹೊತ್ತು ಹೊತ್ತೇ ಕಳೆದೆವು. ಅದಕ್ಕೇ ಬೇಸಿಗೆಯಲ್ಲಿ ನನ್ನ ಬಳೆಗಳು ಹೋಗಿ ತಾರಸಿಯ ಮೇಲೆ ಸೋಲಾರ್ ಬಂತು. ಹಗಲು ಬಿಸಿಲಿನಲ್ಲಿ ಮಷೀನು ಓಡಿ, ಬ್ಯಾಟರಿ ತುಂಬಿ, ಸಂಜೆಯಿಂದ ಬೆಳಗಿನವರೆಗೆ ಅದು ಬಾಳಬೇಕು. ನಮಗೆ ಬೇಕಾಗಿದ್ದದ್ದು ಇಷ್ಟೇ.

ಸೋಲಾರ್ ಹಾಕಲು ಬಂದವನು ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ಪ್ಯಾನೆಲುಗಳನ್ನು ಓರೆಯಾಗಿ ಕೂರಿಸಿ ಹೋದ. ಮಾವ ಬೀದಿಗಿಳಿದು, ಸೊಂಟದ ಮೇಲೆ ಕೈ ಇಟ್ಟು, ತಲೆ ಎತ್ತಿ ನೋಡಿದರು. "ಥೂ. ಮುರಿದ ಬಾಗಿಲು ಒರಗಿಸಿಟ್ಟ ಹಾಗಿದೆ. ಮೇಸ್ತ್ರಿ ಮನೆ ಅಂತ ಯಾರಾದ್ರೂ ಅಂತಾರಾ?" ಎಂದರು.

ಎರಡೇ ದಿನದಲ್ಲಿ ಸ್ಟ್ಯಾಂಡುಗಳು ಮೆಟ್ಟಿಲಿನ ಕೆಳಗೆ ಸೇರಿದವು. ಅವುಗಳ ಜಾಗದಲ್ಲಿ ಇಟ್ಟಿಗೆಯ ಗಿಡ್ಡ ಕಂಬಗಳು ಬಂದವು. ಮಾವ ಪ್ಯಾನೆಲುಗಳನ್ನು ಅವುಗಳ ಮೇಲೆ ಅಂಗಾತ ಮಲಗಿಸಿ, ತಮ್ಮ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೆ ಬಿಡಲಿಲ್ಲ. ಆಮೇಲೆ, ಬೀದಿಯ ಕಡೆಯಿಂದ ಗಾಳಿ ನುಗ್ಗಿ ಎಬ್ಬಿಸೀತು ಎಂದು ತಾರಸಿಯ ಅಂಚಿನ ಮೋಟುಗೋಡೆಯನ್ನು ಎದೆಮಟ್ಟಕ್ಕೆ ಎತ್ತರಿಸಿದರು. ಎಂಥ ಗೋಡೆ ಅಂತೀರಿ. ತಲೆಯ ಮೇಲೆ ಅಂಚುಪಟ್ಟಿ, ಮಳೆನೀರು ನಿಲ್ಲದ ಹಾಗೆ ಇಳಿಜಾರು, ಕೈಯಾಡಿಸಿದರೆ ರೇಷ್ಮೆ. ಕೆಲಸ ಬಿಟ್ಟ ಮೇಲೆ ಅವರು ಕಟ್ಟಿದ ಒಂದೇ ಗೋಡೆ ಅದು. ಸಂಜೆ ಅದಕ್ಕೆ ಒರಗಿ ಚಹಾ ಕುಡಿಯುತ್ತಿದ್ದರು.

ಬೇಸಿಗೆಯ ಸೂರ್ಯ ನೆತ್ತಿಯ ಮೇಲೆ. ಅಂಗಾತ ಮಲಗಿದ ಪ್ಯಾನೆಲುಗಳು ಬೊಗಸೆಯೊಡ್ಡಿದ ಹಾಗೆ ಬಿಸಿಲು ಹಿಡಿದವು. ಮಧ್ಯಾಹ್ನಕ್ಕೇ ಬ್ಯಾಟರಿ ತುಂಬಿ ತುಳುಕುತ್ತಿತ್ತು. ನಾನು ಶಾಲೆಯ ಯೂನಿಫಾರಂ ಹೊಲಿಯುವ ಮಷೀನಿಗೆ ಮೋಟಾರು ಹಾಕಿಸಿಕೊಂಡೆ. ಮಾವ ಬೀದಿಯಲ್ಲಿ ಹೋಗುವವರನ್ನು ಕರೆದು ಕರೆದು ತೋರಿಸಿದರು. "ನೋಡ್ದಾ? ಅವನು ಓರೆ ಮಾಡಿದ್ದ. ನಾನು ಮಟ್ಟ ಮಾಡಿದೆ. ಮಟ್ಟ ಇದ್ರೆ ಎಲ್ಲಾ ತಾನಾಗೇ ಸರಿಹೋಗುತ್ತೆ."

ಚಳಿ ಶುರುವಾಯಿತು. ಹಗಲು ಕುಗ್ಗಿತು. ಮೊದಮೊದಲು ಬ್ಯಾಟರಿ ಬೆಳಗಿನ ಜಾವದಲ್ಲಿ ಕೀಂ ಅನ್ನತೊಡಗಿತು. ಆ ಸದ್ದು ಬಂದರೆ ಸಿಲಿಂಡರಿಗೆ ನಳಿಕೆ ಬದಲಿಸಬೇಕು. ಸಿಲಿಂಡರಿದ್ದದ್ದು ಒಂದೇ, ಅದನ್ನು ತುಂಬಿಸಿ ತರಲು ಊರಾಚೆ ಹೋಗಬೇಕು. ವಾರ ಕಳೆಯುವಷ್ಟರಲ್ಲಿ ಕೀಂ ಅನ್ನುವುದು ಇನ್ನೂ ಮುಂಚೆ ಬಂತು.

ಮನೆಯಲ್ಲಿ ಕಟ್ಟಳೆಗಳು ಶುರುವಾದವು. ನನ್ನ ಹೊಲಿಗೆ ಮಷೀನಿನ ಮೋಟಾರು ಕಳಚಿ ಮತ್ತೆ ಕಾಲಿನಲ್ಲಿ ತುಳಿಯುವುದಾಯಿತು. ಕತ್ತಲಾಗುವ ಮುಂಚೆಯೇ ಅಡುಗೆ, ಊಟ, ಪಾತ್ರೆ ಎಲ್ಲ ಮುಗಿಯಬೇಕು. ಅನ್ನ, ಬೇಯಿಸಿದ ಆಲೂಗಡ್ಡೆ, ಮುಗಿಯಿತು. ಅತ್ತೆ ಮಿಕ್ಸಿ ಮರೆತು ಒರಳು ಹುಡುಕಿದರು. ಮಗಳು ಹತ್ತನೇ ಕ್ಲಾಸು. ಎಲ್ಲದಕ್ಕೂ ವಾದ ಹೂಡುವುದರಿಂದ ಅವಳನ್ನು ನಾವು ಲಾಯರು ಅಂತಲೇ ಕರೆಯುವುದು. ಒಂದು ಸಂಜೆ ಬಾಗಿಲ ಹಿಂದೆ ಅವಳ ಫೋನು ಚಾರ್ಜಿಗಿಟ್ಟಿದ್ದು ಮಾವನ ಕಣ್ಣಿಗೆ ಬಿತ್ತು.

"ನಿಮ್ಮಪ್ಪನ ಉಸಿರು ಕದ್ದು ಫೋನಿಗೆ ಹಾಕ್ತೀಯಾ?" ಎಂದರು.

"ತಾತ, ಫೋನು ಎಷ್ಟು ಕುಡಿಯುತ್ತೆ? ನಿಮ್ಮ ರೇಡಿಯೋ ಅದಕ್ಕಿಂತ ಜಾಸ್ತಿ ಕುಡಿಯುತ್ತೆ."

"ರೇಡಿಯೋ ಶೆಲ್ಲಿನದು."

"ಹಾಗಾದ್ರೆ ಕೇಸು ವಾಪಸ್ಸು ತಗೋತೀನಿ," ಎಂದಳು ಲಾಯರು. ಮಂಚದ ಮೇಲಿದ್ದವರು ನಕ್ಕರು. ನಕ್ಕಿದ್ದು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಲಾಯರು ಫೋನನ್ನು ಸ್ಕೂಲಿನಲ್ಲಿ ಚಾರ್ಜು ಮಾಡಿಕೊಂಡು ಬರತೊಡಗಿದಳು.

ನಾನು ಸೋಲಾರಿನವನಿಗೆ ಫೋನು ಮಾಡಿದೆ. "ಅಕ್ಕ, ಚಳಿಗಾಲ ಅಲ್ವಾ, ಸ್ವಲ್ಪ ಕಡಿಮೆ ಆಗುತ್ತೆ," ಎಂದ.

"ಸ್ವಲ್ಪ ಅಲ್ಲಪ್ಪ, ಅರ್ಧಕ್ಕರ್ಧ ಇಲ್ಲ."

"ಅಷ್ಟೊಂದಾ? ನಾವು ಹಾಕಿಕೊಟ್ಟ ಹಾಗೇ ಇದೆ ತಾನೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಫೋನು ಕಸಿದುಕೊಂಡರು. "ನೀನು ಹಾಕಿದ್ದಕ್ಕಿಂತ ಚೆನ್ನಾಗಿದೆ ಕಣಯ್ಯ. ಒಂದು ಎಳೆ ಕೂಡ ಆಚೀಚೆ ಇಲ್ಲ. ನಿನ್ನ ಬ್ಯಾಟರಿನೇ ಲೊಟ್ಟೆ," ಎಂದು ಫೋನು ಇಟ್ಟರು. ಅವನು ಮತ್ತೆ ಮಾಡಿದಾಗಲೂ ನನಗೆ ಎತ್ತಲು ಬಿಡಲಿಲ್ಲ. ನನಗೂ ಆಗ ಬ್ಯಾಟರಿಯ ಮೇಲೆಯೇ ಅನುಮಾನ. ದಿನಾ ಬೆಳಿಗ್ಗೆ ಮಾವ ತಾರಸಿ ಹತ್ತಿ ಪ್ಯಾನೆಲುಗಳನ್ನು ಹಳೇ ಪಂಚೆಯಲ್ಲಿ ಕನ್ನಡಿಯ ಹಾಗೆ ಒರೆಸಿ ಬರುತ್ತಿದ್ದರು. ಮಧ್ಯಾಹ್ನ ನೋಡಿದರೆ ಬ್ಯಾಟರಿಯ ದೀಪಗಳಲ್ಲಿ ಒಂದೇ ಒಂದು ಉರಿಯುತ್ತಿತ್ತು.

ಇವರು ಸೊರಗಿದರು. ಸಂಜೆಯಾಯಿತೆಂದರೆ ಕಣ್ಣು ಬ್ಯಾಟರಿ ಕಡೆಗೇ. ಊಟ ಅರ್ಧಕ್ಕೇ ಬಿಡುತ್ತಿದ್ದರು, ಅಗಿಯಲಿಕ್ಕೂ ಉಸಿರು ಬೇಕಲ್ಲ. ಒಂದು ದಿನ ಚಮಚ ಹಿಡಿದ ನನ್ನ ಕೈ ತಳ್ಳಿ, "ಹೀಗೇ ಆದ್ರೆ ನಾನು ಬೇಸಿಗೆ ನೋಡಲ್ಲ ಕಣೇ," ಎಂದರು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಗುಟ್ಟು ಹೊರಬಿದ್ದದ್ದು ಲಾಯರಿನ ಸ್ಕರ್ಟಿನಿಂದ. ನಮ್ಮ ಅತ್ತೆಗೆ ಮಂಡಿನೋವು, ಆದರೂ ಬಟ್ಟೆ ಒಣಗಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವವರಲ್ಲ. ಆ ದಿನ ಅವರಿಗೆ ಜ್ವರ. ಲಾಯರು ತನ್ನ ಯೂನಿಫಾರಂ ತಾನೇ ಒಗೆದು ತಾರಸಿಗೆ ಹಾಕಿ ಬಂದಳು. ಸಂಜೆ ತಂದು ಹಿಂಡಿದರೆ ನೀರು.

"ಎಲ್ಲಿ ಹಾಕಿದ್ದೆ?" ಎಂದರು ಅತ್ತೆ ಕಂಬಳಿಯೊಳಗಿಂದ.

"ಪ್ಯಾನೆಲ್ ಪಕ್ಕ, ಗೋಡೆ ಹತ್ರ. ಬೇಸಿಗೆಯಲ್ಲಿ ನೀವು ಅಲ್ಲೇ ತಾನೆ ಹಾಕ್ತಿದ್ದಿದ್ದು?"

"ಬೇಸಿಗೆ ಬೇರೆ. ಈಗ ಆ ಗೋಡೆ ಬುಡದಲ್ಲಿ ಬಟ್ಟೆ ಒಣಗಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲಿ ನೆರಳೇ. ನಾನು ಹಗ್ಗಾನ ಆಗಲೇ ಈ ಕಡೆಗೆ ಕಟ್ಕೊಂಡಿಲ್ವಾ?"

ಅನ್ನಕ್ಕೆ ಕೈ ಹಾಕಿದ್ದ ನಾನು ಹಾಗೇ ಕೂತೆ. ಮಾವನ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಅತ್ತೆ, ನಿಮಗೆ ಗೊತ್ತಿತ್ತಾ?" ಎಂದೆ.

"ಬಟ್ಟೆ ವಿಷಯ ಗೊತ್ತಿತ್ತು. ಕರೆಂಟಿನ ವಿಷಯ ನನಗೇನು ಗೊತ್ತು? ಈ ಮನೆಯಲ್ಲಿ ಗೋಡೆ ವಿಷಯ ನನ್ನನ್ನ ಯಾವತ್ತು ಯಾರು ಕೇಳಿದಾರೆ?"

ಮಾರನೆಯ ದಿನ ನಾನೇ ಹತ್ತಿ ನೋಡಿದೆ. ನಡು ಮಧ್ಯಾಹ್ನ, ಸೂರ್ಯ ನೆತ್ತಿಗೆ ಬರುವ ಗೋಜಿಗೇ ಹೋಗದೆ ಬೀದಿಯಾಚೆಯ ಮನೆಗಳ ಮೇಲೆ ತೆವಳುತ್ತಿದ್ದ. ಬಿಸಿಲು ಅಂಗಾತ ಮಲಗಿದ ಗಾಜಿನ ಮೇಲೆ ಜಾರಿಹೋಗುತ್ತಿತ್ತು. ಮಾವನ ಗೋಡೆಯ ನೆರಳು, ಅಂಚುಪಟ್ಟಿಯ ಸಮೇತ, ಎಲ್ಲ ಪ್ಯಾನೆಲುಗಳ ಮೇಲೂ ಒಂದೇ ಅಳತೆಗೆ ಉದ್ದಕ್ಕೆ ಬಿದ್ದಿತ್ತು. ನಾನು ಫೋಟೋ ತೆಗೆದು ಸೋಲಾರಿನವನಿಗೆ ಕಳಿಸಿದೆ.

ಅವನು ಫೋನು ಮಾಡಿ ಬೀದಿಗೆ ಕೇಳುವ ಹಾಗೆ ಕೂಗಾಡಿದ. "ಅಕ್ಕ, ಯಾರು ಇದನ್ನ ಮಲಗಿಸಿದ್ದು? ಚಳಿಗಾಲದ ಸೂರ್ಯನಿಗೆ ಅಂತಲೇ ಓರೆ ಇಡೋದು. ಆ ಗೋಡೆ ಬೇರೆ. ಒಂದು ಪಟ್ಟಿ ನೆರಳು ಬಿದ್ರೂ ಒಂದಕ್ಕೊಂದು ಜೋಡಿಸಿರೋ ಪ್ಯಾನೆಲ್ಲೆಲ್ಲ ಮುಗ್ಗರಿಸುತ್ತೆ."

ಈ ಸಲ ಮಾವ ಫೋನು ಕಸಿಯಲಿಲ್ಲ. ಮೆಟ್ಟಿಲಿನ ಕೆಳಗಿಂದ ಸ್ಟ್ಯಾಂಡುಗಳನ್ನು ಎಳೆದರು. ಸಂಜೆಯೊಳಗೆ ಕಂಬಗಳನ್ನು ಬಿಚ್ಚಿ ಪ್ಯಾನೆಲುಗಳನ್ನು ಮೊದಲಿನ ಹಾಗೆ ಓರೆ ನಿಲ್ಲಿಸಿದರು. ಇಳಿದು ಬಂದವರು ಊಟಕ್ಕೆ ಕೂತಾಗ ಮೇಜಿನ ಕಾಲಿನಡಿಯ ರಟ್ಟು ಜಾರಿ ಮೇಜು ಕುಂಟುತ್ತಿತ್ತು. ಅವರು ಬಗ್ಗಿ ನೋಡಲಿಲ್ಲ.

ಅದರಿಂದ ಸ್ವಲ್ಪ ಅನುಕೂಲವಾಯಿತು. ಸ್ವಲ್ಪ ಅಷ್ಟೇ. ನೆರಳು ಪ್ಯಾನೆಲುಗಳ ಕೆಳ ಅಂಚನ್ನು ಬಿಡಲಿಲ್ಲ. ಬ್ಯಾಟರಿ ಬೆಳಗಿನವರೆಗೆ ಬಾಳಲಿಲ್ಲ. ಗೋಡೆ ಹೋಗಬೇಕು ಎಂಬುದು ಅಡುಗೆಮನೆಯ ಬೆಕ್ಕಿಗೂ ಗೊತ್ತಾಗಿತ್ತು. ಮಾವ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು.

"ಗೋಡೆ ಯಾವಾಗ ಒಡೀತೀರಿ ಮಾವ?" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ನೋಡೋಣ."

"ಏನು ನೋಡೋದು? ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಕೂಲಿಯವರನ್ನ ಕರೀತೀನಿ. ಅರ್ಧ ದಿನದ ಕೆಲಸ."

"ಅವರು ದೊಡ್ಡ ಸುತ್ತಿಗೆ ತಗೊಂಡು ಬಡೀತಾರೆ. ಧೂಳು ಏಳುತ್ತೆ. ಕೆಳಗೆ ಇವನಿದಾನೆ."

ನನ್ನ ತಲೆ ಕೆಟ್ಟುಹೋಯಿತು. "ಧೂಳಾ? ಧೂಳಿನ ಮಾತು ನೀವಾಡ್ತೀರಾ? ನೀರು ಹಾಕ್ಕೊಂಡು ಕೂತ್ರೆ ಕೆಲಸ ಯಾವಾಗ ಮುಗಿಯೋದು ಅಂತಿದ್ರಲ್ಲ, ಆಗ ಎಲ್ಲಿತ್ತು ಈ ಧೂಳು? ನಿಮಗೆ ಮಗನಿಗಿಂತ ಗೋಡೆ ಹೆಚ್ಚಾಯ್ತು."

"ಸಾಕು ಬಿಡೇ," ಎಂದರು ಅತ್ತೆ. ಅವರ ದನಿಯಲ್ಲಿ ಬಯ್ಗುಳವಿರಲಿಲ್ಲ. ಮಂಚದಿಂದ ಇವರು ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದರು. ಮಾವ ಚಪ್ಪಲಿಯನ್ನು ಎಡಬಲ ಅದಲು ಬದಲು ಮೆಟ್ಟಿಕೊಂಡು ಬೀದಿಗಿಳಿದರು.

ಆ ವಾರವೇ ಮಂಜು ಕವಿಯಿತು. ಬಿಸಿಲು ಅನ್ನುವುದು ಕಣ್ಣಿಗೆ ಬೀಳಲಿಲ್ಲ. ಸಂಜೆಯ ಅನ್ನ ಬಡಿಸುವಾಗಲೇ ಬ್ಯಾಟರಿ ಕೀಂ ಅಂದಿತು. ಸಿಲಿಂಡರಿನ ಮುಳ್ಳು ತಳ ಮುಟ್ಟುತ್ತಿತ್ತು, ತುಂಬಿಸುವ ಅಂಗಡಿ ಬಾಗಿಲು ಹಾಕಿತ್ತು. ಆ ರಾತ್ರಿಯ ಕಥೆಯನ್ನು ನಾನು ಹೇಳಲಾರೆ. ಇಷ್ಟು ಮಾತ್ರ ಹೇಳುತ್ತೇನೆ: ಮಾವ ಮಗನ ಬೆನ್ನ ಹಿಂದೆ ಮಂಚದ ಮೇಲೆ ಕೂತು, ಅವರನ್ನು ತಮ್ಮ ಎದೆಗೆ ಒರಗಿಸಿಕೊಂಡು, ಬೆಳಗಾಗುವವರೆಗೂ ನೆಟ್ಟಗೆ ಕೂತಿದ್ದರು. ಅವರ ಎದೆ ಮಗನ ಎದೆಯ ಜೊತೆಗೇ ಏರಿ ಇಳಿಯುತ್ತಿತ್ತು. ಮಗನಿಗೆ ತಾವೇ ಉಸಿರೆಳೆದು ಕೊಡುತ್ತಿದ್ದೇವೆ ಅಂದುಕೊಂಡಿದ್ದರೋ ಏನೋ. ಲಾಯರು ನಸುಕಿನಲ್ಲೇ ಬೀದಿಯ ಬಾಗಿಲುಗಳನ್ನೆಲ್ಲ ಬಡಿದು, ಹಾಲಿನ ವ್ಯಾನಿನವನನ್ನು ಕಾಡಿ ಬೇಡಿ, ತುಂಬಿದ ಸಿಲಿಂಡರಿನ ಜೊತೆ ಬಂದಳು. ಇವರ ತುಟಿಯ ನೀಲಿ ಇಳಿಯುವುದಕ್ಕೆ ತುಂಬ ಹೊತ್ತು ಹಿಡಿಯಿತು.

ಮಂಜು ಕರಗಿದ ಬೆಳಿಗ್ಗೆ ಮೇಲಿನಿಂದ ಟಕ್ ಟಕ್ ಸದ್ದು ಬಂತು. ಗೋಡೆ ಬೀಳಿಸುವ ಸದ್ದಲ್ಲ ಅದು. ಸಣ್ಣ ಉಳಿಯದು. ಎರಡೇಟು, ಆಮೇಲೆ ಸುಮ್ಮನೆ. ಮತ್ತೆ ಎರಡೇಟು. ನಾನು ಗಡಬಡಿಸಿ ಕಿಟಕಿ ಮುಚ್ಚಿದೆ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿದೆ. ಹಾಸಿಗೆಯ ಮೇಲೆ, ಮಷೀನಿನ ಮೇಲೆ, ಇವರ ರೆಪ್ಪೆಯ ಮೇಲೆ ಬೆರಳಾಡಿಸಿ ನೋಡಿದೆ. ಎಲ್ಲೂ ಏನೂ ಇರಲಿಲ್ಲ.

"ನೋಡು," ಎಂದರು ಇವರು ಕಿಟಕಿ ತೋರಿಸಿ.

ಗಾಜಿನಾಚೆ ತಾರಸಿಯ ನೀರು ಇಳಿಯುವ ಪೈಪು. ಅದರ ಬಾಯಿಯಿಂದ ಕೆಂಪು ಕೆಸರು ನೀರು ಅಂಗಳಕ್ಕೆ ಹರಿಯುತ್ತಿತ್ತು, ನಿಲ್ಲದೆ ಹರಿಯುತ್ತಿತ್ತು.

"ಅಪ್ಪ ನೀರು ಹಾಕಿ ಒಡೀತಿದಾರಾ?"

"ಹೂಂ," ಎಂದೆ.

ಇವರು ಆ ನೀರನ್ನೇ ನೋಡಿದರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು, "ಹೋಗಿ ಕೇಳು... ಹೀಗೆ ನೀರು ಹಾಕ್ಕೊಂಡು ಕೂತ್ರೆ... ಕೆಲಸ ಯಾವಾಗ ಮುಗಿಯೋದು ಅಂತ," ಎಂದರು. ಮುಖ ನಗುತ್ತಿತ್ತು, ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ಕೇಳಲೆಂದೇ ಮೇಲೆ ಹೋದೆ. ಮೆಟ್ಟಿಲ ಮೇಲೆ ಅತ್ತೆ ಮಂಡಿ ಹಿಡಿದುಕೊಂಡು ಕೊಡ ಏರಿಸುತ್ತಿದ್ದರು. ತಾರಸಿಯಲ್ಲಿ ಆಗಲೇ ಅಂಚುಪಟ್ಟಿ ಹೋಗಿತ್ತು. ಮಾವ ಮೊಣಕಾಲಿನವರೆಗೆ ಒದ್ದೆಯಾಗಿ, ಚಳಿಗೆ ಗದಗದ ನಡುಗುತ್ತಾ ನಿಂತಿದ್ದರು. ಒಂದು ಇಟ್ಟಿಗೆಯ ಮೇಲೆ ಚೊಂಬು ನೀರು ಹುಯ್ಯುವುದು, ಅದು ಕುಡಿಯುವವರೆಗೆ ಕಾಯುವುದು, ಮತ್ತೊಂದು ಚೊಂಬು ಹುಯ್ಯುವುದು, ಆಮೇಲೆ ಉಳಿಯಿಟ್ಟು ಎರಡೇಟು. ಸಡಿಲಾದ ಇಟ್ಟಿಗೆಯನ್ನು ಎಸೆಯದೆ, ಒದ್ದೆ ಗೋಣಿಯ ಮೇಲೆ ಮೆಲ್ಲಗೆ ಮಲಗಿಸುತ್ತಿದ್ದರು. ಅವರ ಹಿಂದಿನ ಪ್ಯಾನೆಲುಗಳಲ್ಲಿ ಗೋಡೆ ಹೋದ ಕಡೆ ಬಿಸಿಲು ತಳದವರೆಗೂ ಬಿದ್ದಿತ್ತು. ಈ ಲೆಕ್ಕದಲ್ಲಿ ಅರ್ಧ ದಿನದ ಕೆಲಸಕ್ಕೆ ವಾರ ಹಿಡಿಯುತ್ತಿತ್ತು, ಬೇಸಿಗೆಯೋ ಇನ್ನೂ ಎಷ್ಟೋ ದೂರವಿತ್ತು.

ನನ್ನನ್ನು ನೋಡಿ ಉಳಿ ಕೆಳಗಿಟ್ಟರು. "ಧೂಳು ಕೆಳಗೆ ಬರ್ತಾ ಇಲ್ಲ ತಾನೇಮ್ಮ?" ಎಂದರು.

ಇವರು ಹೇಳಿಕಳಿಸಿದ್ದ ಮಾತು ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಇಲ್ಲ ಮಾವ. ಒಂಚೂರೂ ಇಲ್ಲ."

ಅವರು ತಲೆಯಾಡಿಸಿದರು. ಆಗಲೇ ನೀರು ತೊಟ್ಟಿಕ್ಕುತ್ತಿದ್ದ ಇಟ್ಟಿಗೆಯ ಮೇಲೆ ಇನ್ನೊಂದು ಚೊಂಬು ಹುಯ್ದರು. ನಾನು ಅತ್ತೆಯ ಕೈಯಿಂದ ಕೊಡ ತೆಗೆದುಕೊಂಡು ನೀರು ತರಲು ಕೆಳಗಿಳಿದೆ.